ಒಲೆ ಮುಂದಿನ ಪ್ರಶ್ನೆಗಳು: ‘ಅಂದಾಜಿನ ಮ್ಯಾಲೆ’ ಅಂದ್ರ ಎಷ್ಟು?

ಈ ಸಲ ಬಂದ ಕಾಗದಗಳು ಬಹುತೇಕ ಒಂದೇ ಜಾಡಿನವು. ಹಿರಿಯರ ಕೈಯಲ್ಲಿರುವ ಅಡುಗೆಯನ್ನು ಹಾಳೆಗೆ ಇಳಿಸುವುದು ಹೇಗೆ, ಬರೆದದ್ದನ್ನೇ ನೋಡಿ ಮಾಡಿದರೂ ಯಾಕೆ ಕೆಡುತ್ತದೆ ಎಂದು ಕೇಳಿದ್ದೀರಿ. ಹಬ್ಬದ ಅಡುಗೆಯ ಪ್ರಶ್ನೆಗಳಲ್ಲಿ ಹೂರಣದ್ದೊಂದನ್ನು ಮಾತ್ರ ಈಗ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಅತ್ತಿಯವರ ಕೈಯ ಬ್ಯಾಳಿ ಸಾರು ಮನ್ಯಾಗ ಯಾರಿಗೂ ಬರಂಗಿಲ್ಲ. ಕೇಳಿದ್ರ ‘ಅಂದಾಜಿನ ಮ್ಯಾಲೆ ಹಾಕವಾ’ ಅಂತಾರ. ‘ಒಂದು ಮುಟಗಿ ಬ್ಯಾಳಿ, ಲಿಂಬಿಕಾಯಿಯಷ್ಟು ಹುಣಸಿಹಣ್ಣು’ ಅಂತ ಬರಕೊಂಡು ಹಂಗ ಮಾಡಿದೆ, ಬಾಯಾಗ ಇಡಲಾರದಷ್ಟು ಹುಳಿ ಆತು. ಇದನ್ನ ಬರಕೊಳ್ಳೋದು ಹ್ಯಾಂಗ?
— ಮಾಳಮಡ್ಡಿ, ಧಾರವಾಡ

ಉತ್ತರ: ಅವರ ಲಿಂಬಿಕಾಯಿ ಬೇರೆ, ನಿಮ್ಮದು ಬೇರೆ. ಬೀಜ, ನಾರು ಇರುವ ಹಳೆ ಹುಣಸಿಹಣ್ಣಿನ ಉಂಡೆಗೂ ಅಂಗಡಿಯಿಂದ ತಂದ ಬೀಜ ತೆಗೆದ ಹೊಸ ಹುಣಸಿಯ ಉಂಡೆಗೂ ಗಾತ್ರ ಒಂದೇ ಇರಬಹುದು, ಹುಳಿ ಒಂದೇ ಅಲ್ಲ. ಹಾಗಾಗಿ ‘ಎಷ್ಟು ಹಾಕ್ತೀರಿ’ ಎಂದು ಕೇಳುವುದನ್ನು ಬಿಡಿ. ಅವರು ಎಂದಿನಂತೆ ಅಡುಗೆ ಮಾಡಲಿ, ಅಳೆಯುವ ಕೆಲಸ ನಿಮ್ಮದು.

1 ಗ್ರಾಂ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಒಂದಿದ್ದರೆ ಸಾಕು. ಅವರು ಬ್ಯಾಳಿ ತೆಗೆಯುವ ಮೊದಲು ಡಬ್ಬಿಯನ್ನು ತೂಗಿ, ತೆಗೆದ ಮೇಲೆ ಮತ್ತೆ ತೂಗಿ. ಕಡಿಮೆಯಾದಷ್ಟೇ ಅವರ ಮುಟಗಿ. ಉಪ್ಪಿನ ಡಬ್ಬಿ, ಖಾರದ ಡಬ್ಬಿ, ಬೆಲ್ಲದ ಡಬ್ಬಿ, ಎಣ್ಣೆ ತಂಬಿಗೆ ಎಲ್ಲದಕ್ಕೂ ಇದೇ ಲೆಕ್ಕ. ಉಪ್ಪಿನ ಡಬ್ಬಿಯನ್ನು ಅಡುಗೆ ಪೂರ್ತಿ ಮುಗಿದ ಮೇಲೆಯೇ ತೂಗಬೇಕು. ಅನುಭವಸ್ಥರು ಉಪ್ಪನ್ನು ಒಂದೇ ಸಲ ಹಾಕುವುದಿಲ್ಲ. ಕುದಿಯುವಾಗ ಒಮ್ಮೆ, ಇಳಿಸುವಾಗ ನೆಕ್ಕಿ ನೋಡಿ ಇನ್ನೊಮ್ಮೆ ಹಾಕುತ್ತಾರೆ, ಬಾಯಲ್ಲಿ ಹೇಳುವಾಗ ಮಾತ್ರ ಎರಡನೆಯದು ಮರೆತುಹೋಗುತ್ತದೆ. ಇಂಗು, ಅರಿಸಿನದಂಥವು 2-3 ಗ್ರಾಂ ಒಳಗಿರುವುದರಿಂದ ಈ ತಕ್ಕಡಿ ಸರಿಯಾಗಿ ತೋರಿಸದು. ಅವನ್ನು ಚಮಚದಲ್ಲೇ ಬರೆಯಿರಿ, ಆದರೆ ಆ ಚಮಚ ಎಷ್ಟು ಹಿಡಿಯುತ್ತದೆಂದು ಮೊದಲು ನೋಡಿಕೊಳ್ಳಿ: ತಕ್ಕಡಿ ಮೇಲೆ ಬಟ್ಟಲಿಟ್ಟು ಹತ್ತು ಚಮಚ ನೀರು ಹಾಕಿ. 50 ಗ್ರಾಂ ಬಂದರೆ ಅದು 5 ಮಿಲಿಯ ಚಹಾ ಚಮಚ. 70 ಬಂದರೆ ನಿಮ್ಮ ಮನೆಯ ಚಮಚ ದೊಡ್ಡದು, ಹಾಗೆಂದು ಬರೆದಿಡಿ.

ನೀರು, ಪಾತ್ರೆ, ಉರಿ ಈ ಮೂರನ್ನು ಯಾರೂ ಬರೆಯುವುದಿಲ್ಲ. ಸಾರು ಕೆಡುವುದು ಅಲ್ಲೇ. ಅಗಲ ಬಾಯಿಯ ಬೋಗುಣಿಯಲ್ಲಿ ಕಾಲು ತಾಸು ಕುದಿಸಿದ ಸಾರೂ ಕಿರಿದು ಬಾಯಿಯ ತಪೇಲಿಯಲ್ಲಿ ಕುದಿಸಿದ್ದೂ ಒಂದೇ ಆಗುವುದಿಲ್ಲ, ಮೊದಲನೆಯದರಲ್ಲಿ ನೀರು ಬೇಗ ಆರಿ ಹುಳಿ, ಉಪ್ಪು ಎರಡೂ ಏರುತ್ತವೆ. ನಿಮ್ಮ ಹುಳಿ ಜಾಸ್ತಿಯಾಗಲು ಇದೂ ಕಾರಣವಿರಬಹುದು.

ಒಂದೇ ದಿನದ ಅಳತೆಯನ್ನು ನಂಬಬೇಡಿ. ಬೇರೆ ಬೇರೆ ಮೂರು ದಿನ ತೂಗಿದರೆ ಹುಣಸಿ ಒಂದು ದಿನ 12, ಇನ್ನೊಂದು ದಿನ 17 ಗ್ರಾಂ ಎಂದು ಬಂದೀತು. ಸರಾಸರಿ ತೆಗೆಯದೆ ‘12ರಿಂದ 17’ ಎಂದೇ ಬರೆಯಿರಿ. ಆಮೇಲೆ ಅತ್ತಿಯವರನ್ನು ಕೇಳಿ: ಹೆಚ್ಚಾದರೆ ಏನಾಗ್ತದ, ಕಡಿಮೆ ಆದರೆ ಏನಾಗ್ತದ, ಯಾವಾಗ ಇಳಸ್ತೀರಿ? ಈ ಪ್ರಶ್ನೆಗೆ ಎಲ್ಲರೂ ತಡವರಿಸದೆ ಉತ್ತರ ಕೊಡುತ್ತಾರೆ. ‘ಹಸಿ ವಾಸನಿ ಹೋಗಿ, ನೊರಿ ಅಂಚಿನಿಂದ ನಡುವಿಗೆ ಬಂತಂದ್ರ ಇಳಸೋದು’ ಎಂದರೆ ಅದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಗ್ರಾಂಗಿಂತ ಈ ಗುರುತೇ ಮುಖ್ಯ.

ತಾಳೆ ನೋಡಲು ಒಂದು ಅಳತೆ ಕೊಡುತ್ತೇವೆ. 4 ಮಂದಿಗೆ ತೊಗರಿಬ್ಯಾಳಿ 80 ಗ್ರಾಂ, ಒಟ್ಟು ಸಾರು 1 ಲೀಟರ್, ಬೀಜ ತೆಗೆದ ಹುಣಸಿ 12-15 ಗ್ರಾಂ, ಬೆಲ್ಲ 10-15 ಗ್ರಾಂ, ಸಾರಿನ ಪುಡಿ 10-12 ಗ್ರಾಂ, ಉಪ್ಪು 8-10 ಗ್ರಾಂ. 1 ಲೀಟರ್ ಸಾರಿಗೆ ಉಪ್ಪು 10 ಗ್ರಾಂ ದಾಟಿದರೆ ಹೆಚ್ಚಿನವರ ನಾಲಿಗೆಗೆ ಕಟು. ನೀವು ಬರೆದ ಲೆಕ್ಕ ಇದರ ಎರಡು ಪಟ್ಟು ಬಂದಿದ್ದರೆ ಎಲ್ಲೋ ತೂಕ ತಪ್ಪಿದೆ.

ಅಜ್ಜಿಯಂದಿರ ಹಳೆ ವಹಿ ಸಿಕ್ಕಿದ್ದರೆ ಅದರಲ್ಲಿ ಛಟಾಕು, ಪಾವಶೇರು ಕಾಣುತ್ತವೆ. ತೂಕದ ಶೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಪಾವಶೇರು 233, ಛಟಾಕು 58. ಆದರೆ ಕಾಳು ಅಳೆಯುವ ಶೇರು ಊರಿಂದೂರಿಗೆ ಬೇರೆ ಇರುತ್ತಿತ್ತು. ಮನೆಯ ಅಟ್ಟದ ಮೇಲೆ ಆ ಹಳೆ ಮಾಪು ಇನ್ನೂ ಇದ್ದರೆ ಇಳಿಸಿ, ಅದೇ ಕಾಳು ತುಂಬಿ ತೂಗಿ ನೋಡಿ.

ಪ್ರಶ್ನೆ: ನಮ್ಮ ಅವ್ವ ಹೇಳಿದಂಗ ಕುದಿಯೋ ಎಸರು ಹಾಕೇ ಜ್ವಾಳದ ಹಿಟ್ಟು ನಾದತೀನಿ. ಆದರೂ ರೊಟ್ಟಿ ಬಡಿಯೋವಾಗ ಹರೀತೈತಿ. ಹಂಚಿಗೆ ಹಾಕಿದ್ರ ಉಬ್ಬಂಗಿಲ್ಲ. ತಪ್ಪು ಎಲ್ಲೈತಿ?
— ಬೆಟಗೇರಿ, ಗದಗ

ಉತ್ತರ: ಹಿಟ್ಟು ಬೀಸಿ ಎಷ್ಟು ದಿನವಾಯಿತು ಎನ್ನುವುದು ಮೊದಲ ಪ್ರಶ್ನೆ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದಲ್ಲ, ಆ ಜಿಗಿಯ ಮೇಲೆಯೇ ರೊಟ್ಟಿ ನಿಲ್ಲಬೇಕು. ಹಿಟ್ಟು ಹಳೆಯದಾದಷ್ಟು ಜಿಗಿ ಹೋಗುತ್ತದೆ, ಮೊಳಕೆಯ ಭಾಗದಲ್ಲಿರುವ ಎಣ್ಣೆಯಂಶ ಕೆಟ್ಟು ಕಹಿಯೂ ಬರುತ್ತದೆ. ಬ್ಯಾಸಿಗೆಯಲ್ಲಿ 8-10 ದಿನಕ್ಕೆ ಸಾಕಾಗುವಷ್ಟೇ ಬೀಸಿಸಿ. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರು ಕೂತು ಬೇಗ ಕೆಡುತ್ತದೆ, ಪರಾತದಲ್ಲಿ ಹರವಿ ಆರಿಸಿ ತುಂಬಿ. ರೊಟ್ಟಿಗೆ ಹಿಂಗಾರಿ ಬಿಳಿಜೋಳವೇ ಆಗಬೇಕು, ಮಾಲದಂಡಿ ಸಿಕ್ಕರೆ ಇನ್ನೂ ಚಲೋ. ಮುಂಗಾರಿ ಹೈಬ್ರಿಡ್ ಜೋಳದಲ್ಲಿ ಆ ಮೆತ್ತಗಿನ ರೊಟ್ಟಿ ಬರುವುದಿಲ್ಲ, ಎಷ್ಟೇ ನಾದಿದರೂ.

5 ರೊಟ್ಟಿಗೆ ಲೆಕ್ಕ: ಹಿಟ್ಟು 250 ಗ್ರಾಂ, ಮಳ್ಳಿ ಮಳ್ಳಿ ಕುದಿಯುವ ನೀರು 200 ಮಿಲಿ, ನಾದಲು ತಣ್ಣೀರು 30ರಿಂದ 50 ಮಿಲಿ. ‘ಕುದಿಯೋ ಎಸರು’ ಎನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಒಲೆಯಿಂದ ಇಳಿಸಿ ಎರಡು ನಿಮಿಷ ಬಿಟ್ಟ ನೀರು ಎಸರಲ್ಲ. ಒಲೆ ಮೇಲಿಂದ ನೇರ ಹಿಟ್ಟಿನ ನಡುವಿನ ಗುಣಿಗೆ ಸುರಿದು, ಸಟ್ಟುಗದಿಂದ ಕಲಸಿ, 5 ನಿಮಿಷ ಮುಚ್ಚಿಡಿ. ಆಮೇಲೆ ಒಂದು ರೊಟ್ಟಿಗಾಗುವಷ್ಟೇ ತೆಗೆದುಕೊಂಡು ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು. ಎಲ್ಲ ಹಿಟ್ಟನ್ನು ಒಟ್ಟಿಗೆ ನಾದಿಟ್ಟರೆ ಕೊನೆಯ ರೊಟ್ಟಿಯ ಹೊತ್ತಿಗೆ ಒಣಗಿರುತ್ತದೆ.

ಎಲ್ಲಿ ಹರಿಯುತ್ತದೆ ನೋಡಿ, ಕಾರಣ ಅಲ್ಲೇ ಗೊತ್ತಾಗುತ್ತದೆ. ಅಂಚು ಸೀಳಿದರೆ ನೀರು ಕಡಿಮೆ. ನಡುವೆ ಬಿರಿದರೆ ನಾದಿದ್ದು ಸಾಲದು. ಎತ್ತುವಾಗ ಎರಡು ತುಂಡಾದರೆ ಎಸರು ಕುದಿದಿಲ್ಲ ಇಲ್ಲವೇ ಹಿಟ್ಟು ಹಳೆಯದು. ಹಳೆ ಹಿಟ್ಟನ್ನು ಬಳಸಲೇಬೇಕಾದರೆ 250 ಗ್ರಾಂಗೆ ಒಂದು ಮುಟಗಿ ಗೋಧಿಹಿಟ್ಟು ಸೇರಿಸಿ. ರುಚಿ ಸ್ವಲ್ಪ ಬದಲಾಗುತ್ತದೆ, ರೊಟ್ಟಿ ಮಾತ್ರ ನಿಲ್ಲುತ್ತದೆ.

ಉಬ್ಬದಿರುವುದು ಹಂಚಿನ ಕಡೆಯ ತಪ್ಪು. ಹಂಚು ಚೆನ್ನಾಗಿ ಕಾದಿರಬೇಕು, ಒಂದು ಹನಿ ನೀರು ಬಿದ್ದರೆ ಚುರ್ ಎಂದು ಆರಬೇಕು. ಒಣ ಹಿಟ್ಟಿನ ಬದಿ ಮೇಲೆ ಬರುವಂತೆ ಹಾಕಿ, ಕೂಡಲೇ ಒದ್ದೆ ಬಟ್ಟೆಯಿಂದ ಇಡೀ ಮೈಗೆ ನೀರು ಸವರಿ. ತಡಮಾಡಿದರೆ ಹಿಟ್ಟು ಅಲ್ಲೇ ಒಣಗಿ ಬಿಳಿ ಕಲೆ ಉಳಿಯುತ್ತದೆ, ಆ ಕಲೆಯ ಸುತ್ತಲೇ ಬಿರಿಯುತ್ತದೆ. ಸವರಿದ ನೀರು ಆರಿ ಹೊಳಪು ಮಾಯವಾಗುವಾಗ ತಿರುವಿ ಹಾಕಬೇಕು. ಮೊದಲೇ ತಿರುವಿದರೆ ಹಂಚಿಗೆ ಅಂಟುತ್ತದೆ, ತೀರಾ ತಡವಾದರೆ ಕಟಕಾಗುತ್ತದೆ. ಎರಡನೇ ಬದಿ ಒಂದು ನಿಮಿಷ ಬೆಂದ ಮೇಲೆ ನೇರ ಉರಿಗೆ ಹಿಡಿಯಿರಿ. ದಪ್ಪ ತೆಳು ಒಂದೇ ಸಮ ಬಡಿದಿರದಿದ್ದರೆ ಆಗಲೂ ಅರ್ಧವೇ ಉಬ್ಬೀತು.

ಪ್ರಶ್ನೆ: ಫೋನಿನಾಗ ಬಂದ ರೆಸಿಪಿ ನೋಡಿ ಬದನಿಕಾಯಿ ಎಣ್ಣಿಗಾಯಿ ಮಾಡಿದೆ, ಎಲ್ಲಾ ಕಹಿ ಆತು. ಅದರಾಗ ಬರೆದಿದ್ದು: ‘ಗುರೆಳ್ಳು 4 ಚಮಚ ಕೆಂಪಗೆ ಹುರಿಯಿರಿ. ಉಳ್ಳಾಗಡ್ಡಿ 5 ನಿಮಿಷ ಹುರಿದು ಕಂದು ಬಣ್ಣ ಬಂದಮೇಲೆ ಒಂದು ಕಪ್ ಶೇಂಗಾ ಪುಡಿ ಹಾಕಿ.’ ಯಾವ ರೆಸಿಪಿ ನಂಬಬೇಕು ಅನ್ನೋದು ಹ್ಯಾಂಗ ತಿಳಿಯೋದು?
— ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಗುರೆಳ್ಳು ಹುಟ್ಟಾ ಕಪ್ಪು. ಅದು ಕೆಂಪಗಾಗುವುದನ್ನು ಕಂಡವರು ಯಾರೂ ಇಲ್ಲ! ಬಣ್ಣ ಬರಲಿ ಎಂದು ನೀವು ಕಾದಿದ್ದೀರಿ, ಅಷ್ಟರಲ್ಲಿ ಅದು ಸೀದಿದೆ. ಬರೆದವರು ಎಳ್ಳಿನ ಮಾತನ್ನು ಗುರೆಳ್ಳಿಗೆ ಅಂಟಿಸಿದ್ದಾರೆ, ತಾವು ಮಾಡಿ ನೋಡಿಲ್ಲ. ಗುರೆಳ್ಳಿನ ಗುರುತು ಬೇರೆ: ಸಣ್ಣ ಉರಿಯಲ್ಲಿ ಚಟಪಟ ಸದ್ದು ಶುರುವಾಗಿ ಘಮ ಬಂದಾಗ ನಾಲ್ಕು ಕಾಳು ಬೆರಳಲ್ಲಿ ತಿಕ್ಕಿ; ಪುಡಿಯಾದರೆ ಸಾಕು, ತಕ್ಷಣ ತಣ್ಣನೆ ತಾಟಿಗೆ ಸುರಿಯಿರಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಸೀಯುತ್ತಲೇ ಇರುತ್ತದೆ.

ಉಳ್ಳಾಗಡ್ಡಿಯ 5 ನಿಮಿಷವೂ ಸುಳ್ಳು. ಎರಡು ದೊಡ್ಡ ಉಳ್ಳಾಗಡ್ಡಿ ಕಂದಾಗಲು ನಡುವಿನ ಉರಿಯಲ್ಲಿ 15ರಿಂದ 20 ನಿಮಿಷ ಬೇಕು. 5 ನಿಮಿಷದಲ್ಲಿ ಕಂದಾಗಿಸಲು ಉರಿ ಏರಿಸಿದರೆ ಅಂಚು ಕರಿಯಾಗಿ ಒಳಗೆ ಹಸಿಯಿರುತ್ತದೆ. ಕಪ್ ಯಾವುದು ಎಂದೂ ಹೇಳಿಲ್ಲ, 150 ಮಿಲಿಯ ಚಹಾ ಕಪ್ಪೋ 240 ಮಿಲಿಯ ಅಳತೆ ಕಪ್ಪೋ? ಇಂಥ ರೆಸಿಪಿ ಸಿಕ್ಕಾಗ ಒಲೆ ಹಚ್ಚುವ ಮೊದಲು ಕುಳಿತು ಒಮ್ಮೆ ಓದಿ. ಎಷ್ಟು ಮಂದಿಗೆ ಎಂದಿದೆಯೇ, ಪಟ್ಟಿಯಲ್ಲಿರುವ ಎಲ್ಲ ಸಾಮಾನೂ ಕೆಳಗೆ ಬಳಕೆಯಾಗಿದೆಯೇ, ಎಷ್ಟು ನೀರು ಎಂದಿದೆಯೇ, ಹೊತ್ತಿನ ಜೊತೆ ಗುರುತೂ ಇದೆಯೇ ನೋಡಿ. ಎರಡು ಇಲ್ಲದಿದ್ದರೂ ಮೊದಲ ಸಲ ಅರ್ಧ ಅಳತೆಗೇ ಮಾಡಿ.

ಎಣ್ಣಿಗಾಯಿಗೆ ಸರಿಯಾದ ಲೆಕ್ಕ ಹೀಗಿದೆ. ಸಣ್ಣ ಎಳೆ ಬದನಿಕಾಯಿ 500 ಗ್ರಾಂ, ಹುರಿದ ಶೇಂಗಾ 60 ಗ್ರಾಂ, ಗುರೆಳ್ಳು 20, ಒಣಕೊಬ್ಬರಿ 25, ಮಸಾಲಿ ಖಾರ 12-15, ಹುಣಸಿ 12, ಬೆಲ್ಲ 15, ಉಪ್ಪು 8, ಎಣ್ಣೆ 60 ಮಿಲಿ. ತೊಟ್ಟು ಬಿಟ್ಟು ನಾಲ್ಕು ಸೀಳು ಹಾಕಿ ಉಪ್ಪುನೀರಿಗೆ ಹಾಕಿ. ಬೀಜ ಕಂದಾಗಿ ಗಟ್ಟಿಯಾದ ಕಾಯಿ ತೆಗೆದುಬಿಡಿ, ಅದೂ ಕಹಿಯೇ. ಮಸಾಲಿ ತುಂಬಿದ ಕಾಯನ್ನು ಎಣ್ಣೆಯಲ್ಲಿ ಎಲ್ಲ ಬದಿಗೂ ಬಣ್ಣ ತಿರುಗುವವರೆಗೆ ಹುರಿದು, ಆಮೇಲೆ 200 ಮಿಲಿ ಬಿಸಿನೀರು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿ. ತೊಟ್ಟಿನ ಬುಡಕ್ಕೆ ಚಾಕು ತಡೆಯಿಲ್ಲದೆ ಇಳಿದು, ಎಣ್ಣೆ ಅಂಚಿಗೆ ಬಿಟ್ಟಿರಬೇಕು.

ಪ್ರಶ್ನೆ: ಮಗಳು ಪುಣೆದಾಗ ಇರತಾಳ. ನಮ್ಮ ಮಸಾಲಿ ಖಾರದ ಅಳತಿ ಬರದು ಕಳಸ್ರಿ ಅಂದಾಳ. ನಾವು ವರ್ಷಕ್ಕ 5 ಕಿಲೋ ಕುಟ್ಟಿಸೋ ಮಂದಿ. ಇಬ್ಬರಿಗೆ ಎಷ್ಟು? ಹೋದ ಸಲ ಕಳಿಸಿದ್ದು ಬಣ್ಣ ಹೋಗಿ, ಕಮಟು ವಾಸನಿ ಬಂದಿತ್ತು.
— ಹಾವೇರಿ

ಉತ್ತರ: ಕಮಟು ವಾಸನೆ ಕೊಬ್ಬರಿಯದು. ವರ್ಷದ ಖಾರಕ್ಕೆ ಕೊಬ್ಬರಿ, ಬಳ್ಳೊಳ್ಳಿ ಹಾಕದೆ ಒಣ ಪುಡಿಯನ್ನಷ್ಟೇ ಮಾಡಿ, ತಿಂಗಳಿಗೆ ಬೇಕಾದಷ್ಟಕ್ಕೆ ಆಗಾಗ ಅವೆರಡನ್ನು ಕುಟ್ಟಿ ಬೆರೆಸಿಕೊಳ್ಳಲಿ. ಬಣ್ಣ ಹೋಗಿದ್ದು ಬೆಳಕಿಗೆ. ಗಾಜಿನ ಬರಣಿಯನ್ನು ಕಿಟಕಿ ಬಳಿ ಇಟ್ಟಿದ್ದಾರೇನೋ ಕೇಳಿ. ಸ್ಟೀಲ್ ಡಬ್ಬಿ ಆಗಬೇಕು, ಅರ್ಧ ಭಾಗ ಫ್ರಿಜ್ಜಿನಲ್ಲಿರಲಿ.

ಇಬ್ಬರಿಗೆ ನಾಲ್ಕೈದು ತಿಂಗಳಿಗೆ: ತೊಟ್ಟು ತೆಗೆದ ಬ್ಯಾಡಗಿ ಮೆಣಸಿನಕಾಯಿ 500 ಗ್ರಾಂ, ಕೊತ್ತಂಬರಿ ಬೀಜ 250, ಜೀರಿಗೆ 50, ಅರಿಸಿನ ಕೊಂಬು 25, ಮೆಂತೆ 15, ಸಾಸಿವೆ 15, ಮೆಣಸು 10, ದಾಲ್ಚಿನ್ನಿ 10, ಲವಂಗ 5, ಕಲ್ಲುಹೂ 5, ಇಂಗು 5, ಹುರಿದ ಉಪ್ಪು 60 ಗ್ರಾಂ. ಒಂದೊಂದನ್ನೂ ಬೇರೆ ಬೇರೆ ಹುರಿಯಲಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಿಸಿಯಾಗುವುದರೊಳಗೆ ಮೆಂತೆ ಸೀದು ಇಡೀ ಖಾರ ಕಹಿಯಾಗುತ್ತದೆ. ಮೆಣಸಿನಕಾಯಿಯನ್ನು ಹುರಿಯುವುದಕ್ಕಿಂತ ಎರಡು ಮೂರು ದಿನ ಬಿಸಿಲಿಗೆ ಹಾಕಿ, ಅಲ್ಲಾಡಿಸಿದರೆ ಬೀಜ ಗಿಲಿಗಿಲಿ ಎನ್ನುವಂತಾದರೆ ಸಾಕು. ಹಸಿ ಉಳಿದರೆ ಬೂಜು.

ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಜಾತಿ. ಗಿಡ್ಡಗೆ ದುಂಡಗಿರುವುದು ಡಬ್ಬಿ, ಉದ್ದಗೆ ತೆಳ್ಳಗೆ ಸುಕ್ಕುಸುಕ್ಕಾಗಿರುವುದು ಕಡ್ಡಿ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದ್ದು ಈ ಬ್ಯಾಡಗಿಗೆ. ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವುದೇ ಇದರ ಗುಣ. ಹಾಗಾಗಿ ಮಗಳು ಅಲ್ಲಿ ಬೇರೆ ಮೆಣಸಿನಕಾಯಿ ಕೊಂಡು ಇದೇ ಅಳತೆಗೆ ಮಾಡಿದರೆ ಬಾಯಿ ಉರಿದೀತು. ಚೀಟಿಯಲ್ಲಿ ಬರೀ ‘ಮೆಣಸಿನಕಾಯಿ’ ಎಂದು ಬರೆಯದೆ ಜಾತಿಯ ಹೆಸರನ್ನೂ ಬರೆಯಿರಿ. ಬೇರೆ ಊರಿಗೆ ಕಳಿಸುವ ಯಾವ ಪಾಕಕ್ಕೂ ಇದು ಬೇಕು: ‘ಬೆಲ್ಲ’ ಎಂದರೆ ಉಂಡೆಯೋ ಪುಡಿಯೋ, ‘ಉಪ್ಪು’ ಎಂದರೆ ಹರಳೋ ಪುಡಿಯೋ. ಹರಳುಪ್ಪಿನ ಒಂದು ಚಮಚ ಪುಡಿ ಉಪ್ಪಿನ ಒಂದು ಚಮಚಕ್ಕಿಂತ ತೂಕದಲ್ಲಿ ಕಡಿಮೆ.

ಪ್ರಶ್ನೆ: ರೂಮಿನಾಗ ಒಂದು ಇಂಡಕ್ಷನ್ ಒಲಿ, ಒಂದು ಕಡಾಯಿ ಅಷ್ಟೇ ಅದ. ದಿನಾ ಹೊರಗ ತಿನ್ನಾಕ ಆಗವಲ್ದು. 20 ನಿಮಿಷದಾಗ ಆಗೋದು ಏನರ ಹೇಳ್ರಿ.
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಝುಣಕ ಕಲಿಯಿರಿ, ಖಾನಾವಳಿಯಿಂದ ರೊಟ್ಟಿ ತಂದುಕೊಂಡರೆ ಊಟ ಮುಗಿಯಿತು. ಇಬ್ಬರಿಗೆ ಕಡ್ಲಿಹಿಟ್ಟು 100 ಗ್ರಾಂ, ನೀರು 300 ಮಿಲಿ, ಉಳ್ಳಾಗಡ್ಡಿ 2, ಹಸಿಮೆಣಸಿನಕಾಯಿ 4, ಬಳ್ಳೊಳ್ಳಿ 6 ಎಸಳು, ಎಣ್ಣೆ 3 ದೊಡ್ಡ ಚಮಚ, ಉಪ್ಪು 1 ಚಹಾ ಚಮಚ. ಹಿಟ್ಟನ್ನು 100 ಮಿಲಿ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿಡಿ. ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆಗೆ ಬಳ್ಳೊಳ್ಳಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿ ಮೆತ್ತಗಾದ ಮೇಲೆ ಅರಿಸಿನ, ಉಪ್ಪು, ಉಳಿದ 200 ಮಿಲಿ ನೀರು ಹಾಕಿ. ಅದು ಕುದಿಯುವಾಗಲೇ ಕಲಸಿದ ಹಿಟ್ಟನ್ನು ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವಬೇಕು. ಒಣ ಹಿಟ್ಟನ್ನು ನೇರ ಕುದಿನೀರಿಗೆ ಹಾಕಿದರೆ ಹೊರಗೆ ಬೆಂದು ಒಳಗೆ ಹಸಿಯಿರುವ ಗಂಟು ಕಟ್ಟುತ್ತದೆ, ಆಮೇಲೆ ಬಿಡಿಸಲಾಗದು. ಗಟ್ಟಿಯಾದೊಡನೆ ಇಂಡಕ್ಷನ್ ಉರಿಯನ್ನು ಕೆಳಗಿಳಿಸಿ, ಮುಚ್ಚಿ 7-8 ನಿಮಿಷ ಇಡಿ, ನಡುವೆ ಎರಡು ಸಲ ತಿರುವಿ. ಕಡಾಯಿ ಬಿಟ್ಟು ಮುದ್ದೆಯಾಗಿ ಅಂಚಿಗೆ ಎಣ್ಣೆ ಕಂಡರೆ ಆಯಿತು. ತಿಂದಾಗ ಹಿಟ್ಟಿನ ವಾಸನೆ ಬಂದರೆ ಆ 7-8 ನಿಮಿಷ ಕಾದಿಲ್ಲ ಎಂದರ್ಥ. ಅನ್ನಕ್ಕೆ ಕಲಸಲು ಬೇಕಿದ್ದರೆ ನೀರು 500 ಮಿಲಿ ಮಾಡಿ, ತೆಳ್ಳಗೆ ಪಿಟ್ಲದಂತೆ ಆಗುತ್ತದೆ.

ಪ್ರಶ್ನೆ: ಹೂರಣ ತೆಳ್ಳಗ ಆಗಿ ಹೋಳಿಗಿ ಹರದ್ವು. ಸರಿ ಮಾಡೋದು ಹ್ಯಾಂಗ?
— ಲಕ್ಷ್ಮೇಶ್ವರ, ಗದಗ ಜಿಲ್ಲೆ

ಉತ್ತರ: ಅಗಲ ಬಾಣಲೆಯಲ್ಲಿ ಸಣ್ಣ ಉರಿಗೆ ಮತ್ತೆ ಕೆದಕಿ, ಸಟ್ಟುಗ ನಡುವೆ ನಿಲ್ಲಿಸಿದರೆ ಬೀಳದೆ ನಿಲ್ಲಬೇಕು. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಪೂರ್ತಿ ಒಣಗಿಸಬೇಡಿ. ಅದಕ್ಕೂ ಬಗ್ಗದಿದ್ದರೆ 2 ಚಮಚ ಪುಠಾಣಿ ಹಿಟ್ಟು. ಮುಂದಿನ ಸಲ 250 ಗ್ರಾಂ ಕಡ್ಲಿಬ್ಯಾಳಿಯನ್ನು ಕುಕ್ಕರಿನಲ್ಲಿ ಕರಗಿಸದೆ ತಪೇಲಿಯಲ್ಲಿ ಬೇಯಿಸಿ, ಬೆರಳಲ್ಲಿ ಹಿಚುಕಿದರೆ ಮೆತ್ತಗೆ, ನೋಡಲು ಇಡಿಯಾಗಿರುವಾಗ ಜರಡಿಗೆ ಬಸಿದು ಕಾಲು ತಾಸು ಬಿಡಿ. ಕಟ್ಟು ಪೂರ್ತಿ ಇಳಿದ ಮೇಲೆಯೇ 250 ಗ್ರಾಂ ಬೆಲ್ಲ. ಕಟ್ಟನ್ನು ಚೆಲ್ಲಬೇಡಿ, ಸಾರಿಗೆ ಅದೇ ಜೀವ.

ಪ್ರಶ್ನೆ: ನಮ್ಮ ಒಕ್ಕಲದ ಹನ್ನೆರಡು ಮನಿ ಸೇರಿ ಒಂದು ಅಡಗಿ ವಹಿ ಮಾಡಾಕತ್ತೇವಿ. ಪುಂಡಿಪಲ್ಲೆ ಒಂದಕ್ಕೇ ಮೂರು ಪದ್ಧತಿ ಬಂದಾವು. ಖರೇದು ಯಾವುದು ಅಂತ ಜಗಳಾನ ಆಗೇತಿ.
— ಅಣ್ಣಿಗೇರಿ, ಧಾರವಾಡ ಜಿಲ್ಲೆ

ಉತ್ತರ: ಮೂರನ್ನೂ ಬರೆಯಿರಿ. ಒಬ್ಬರು ತೊಗರಿಬ್ಯಾಳಿ ಹಾಕುತ್ತಾರೆ, ಒಬ್ಬರು ಜೋಳದ ನುಚ್ಚು, ಇನ್ನೊಬ್ಬರು ಅಕ್ಕಿ ನುಚ್ಚು, ಹೌದಲ್ಲ? ಮೂರನ್ನು ಬೆರೆಸಿ ಒಂದು ಮಾಡಿದರೆ ಯಾರ ಮನೆಯ ಪಲ್ಲೆಯೂ ಆಗುವುದಿಲ್ಲ. ಪ್ರತಿಯೊಂದರ ಕೆಳಗೆ ಹೇಳಿಕೊಟ್ಟವರ ಹೆಸರು, ಅವರ ತವರೂರು ಇರಲಿ. ಎಷ್ಟೋ ಸಲ ವ್ಯತ್ಯಾಸ ಬಂದಿರುವುದು ತವರಿನಿಂದಲೇ.

ಒಂದು ಪಾಕಕ್ಕೆ ಒಂದೇ ಪುಟ. ಮೇಲೆ ಎಷ್ಟು ಮಂದಿಗೆ ಮತ್ತು ಪಾತ್ರೆ, ಆಮೇಲೆ ಬಳಸುವ ಕ್ರಮದಲ್ಲೇ ಸಾಮಾನು, ಆಮೇಲೆ ಕೆಲಸ, ಕೊನೆಗೆ ‘ಕೆಟ್ಟರೆ ಯಾಕೆ’ ಎಂದು ಎರಡು ಸಾಲು. ಅಚ್ಚಿಗೆ ಕೊಡುವ ಮೊದಲು ಪ್ರತಿ ಪುಟವನ್ನೂ ಆ ಅಡುಗೆ ಎಂದೂ ಮಾಡದ ಒಬ್ಬರ ಕೈಗೆ ಕೊಟ್ಟು ಮಾಡಿಸಿ. ಹೇಳಿಕೊಟ್ಟವರು ಪಕ್ಕದಲ್ಲೇ ಇರಲಿ, ಬಾಯಿ ಮಾತ್ರ ತೆರೆಯಬಾರದು. ‘ಅಯ್ಯ, ಅದನ್ನ ಮೊದಲ ತೊಳದು ಹಿಂಡಬೇಕಿತ್ತಲ್ಲ’ ಎಂದು ಎಲ್ಲಿ ತಡೆಯಲಾರದೆ ನುಡಿಯುತ್ತಾರೋ, ಬಿಟ್ಟುಹೋದ ಸಾಲು ಅದೇ. ಪುಂಡಿಪಲ್ಲೆಯಲ್ಲಂತೂ ಎಲೆ ಬೇಯಿಸಿದ ಹುಳಿನೀರನ್ನು ಎಷ್ಟು ಚೆಲ್ಲಬೇಕು ಎನ್ನುವುದೇ ಬಿಟ್ಟುಹೋಗಿರುತ್ತದೆ.

ಪ್ರಶ್ನೆ: ಮಿಕ್ಸರಿನಾಗ ಶೇಂಗಾ ಚಟ್ನಿ ಮಾಡಿದ್ರ ಪುಡಿ ಆಗದ ಮುದ್ದಿ ಆಗತೈತಿ.
— ಶಿಗ್ಗಾಂವಿ, ಹಾವೇರಿ ಜಿಲ್ಲೆ

ಉತ್ತರ: ಶೇಂಗಾ ಬಿಸಿಯಿದ್ದಾಗಲೇ ತಿರುವಿದ್ದೀರಿ, ಅದೂ ಒಂದೇ ಸಮ. ಬಿಸಿಗೆ ಎಣ್ಣೆ ಬಿಡುತ್ತದೆ. ಹುರಿದು ಸಿಪ್ಪೆ ತೆಗೆದು ಪೂರ್ತಿ ಆರಲು ಒಂದು ತಾಸು ಬಿಡಿ. ಮೊದಲು ಬ್ಯಾಡಗಿ ಖಾರ 20 ಗ್ರಾಂ, ಉಪ್ಪು 6, ಜೀರಿಗೆ 5, ಬಳ್ಳೊಳ್ಳಿ 12 ಎಸಳು ಇಷ್ಟನ್ನೇ ತಿರುವಿ. ಆಮೇಲೆ 250 ಗ್ರಾಂ ಶೇಂಗಾ ಹಾಕಿ ಒಂದೊಂದು ಸೆಕೆಂಡಿನಂತೆ ಎಂಟ್ಹತ್ತು ಸಲ ಹಿಡಿದು ಬಿಡಿ, ಪ್ರತಿ ಮೂರು ಸಲಕ್ಕೊಮ್ಮೆ ಚಮಚದಿಂದ ಬುಡ ಕೆದಕಿ. ಈಗಾಗಲೇ ಮುದ್ದೆಯಾಗಿದ್ದರೆ ಒಂದೆರಡು ಚಮಚ ಪುಠಾಣಿ ಹಿಟ್ಟು ಸೇರಿಸಿ ಕೈಯಿಂದ ಉದುರಿಸಿ, ಇಲ್ಲವೇ ಹಾಗೇ ಗಟ್ಟಿ ಮೊಸರಿಗೆ ಕಲಸಿ ಇವತ್ತೇ ಖರ್ಚು ಮಾಡಿ.